ಜ್ವರ ಯಾರಿಗೆ, ಬರೆ ಯಾರಿಗೆ

‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ.’

ಈ ಗಾದೆಯನ್ನು ನಾವು ನಕ್ಕು ಮುಗಿಸುವುದಕ್ಕೇ ಬಳಸುವುದು ಹೆಚ್ಚು. ಅಣ್ಣನ ತಂಟೆಗೆ ತಮ್ಮನ ಕಿವಿ ಹಿಂಡಿದಾಗ, ಮೇಸ್ತ್ರಿಯ ತಪ್ಪಿಗೆ ಆಳು ಬೈಸಿಕೊಂಡಾಗ ಯಾರಾದರೊಬ್ಬರು ಇದನ್ನು ಹೇಳುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಗಾದೆಯೊಳಗಿನ ಕೊಟ್ಟಿಗೆಗೆ ಹೋಗಿ ನಿಂತು ನೋಡಿದರೆ ಅಲ್ಲಿ ನಡೆದಿರುವುದು ಅಷ್ಟು ಸರಳವಲ್ಲ.

ಮೊದಲನೆಯದು, ಜ್ವರ ಸುಳ್ಳಲ್ಲ. ಎತ್ತು ಮೇವು ಬಿಟ್ಟಿದೆ, ಮೈ ಸುಡುತ್ತಿದೆ. ಎರಡನೆಯದು, ಬರೆಯೂ ಆಗಿನವರ ಕಣ್ಣಿಗೆ ಮದ್ದೇ. ದನದ ಡಾಕ್ಟರು ಮಲೆನಾಡಿನ ಊರೂರಿಗೆ ಬರುವ ಮೊದಲು ಕುಡುಗೋಲು ಕಾಯಿಸಿ ಬರೆ ಎಳೆಯುವುದೇ ಚಿಕಿತ್ಸೆಯಾಗಿತ್ತು. ಸಕಲೇಶಪುರ, ಆಲೂರಿನ ಕಡೆ ಅದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಅಂದರೆ ಗಾದೆಯ ಮನುಷ್ಯ ಕೈಕಟ್ಟಿ ಕೂತವನಲ್ಲ. ರೋಗ ಗುರುತಿಸಿದ್ದಾನೆ, ಬೆಂಕಿ ಮಾಡಿದ್ದಾನೆ, ಕಬ್ಬಿಣ ಕಾಯಿಸಿದ್ದಾನೆ. ಎಲ್ಲ ಸರಿಯಾಗಿ ಮಾಡಿ ಪ್ರಾಣಿಯನ್ನು ಮಾತ್ರ ತಪ್ಪಿದ್ದಾನೆ.

ತಪ್ಪಿದ್ದೇಕೆ? ಎತ್ತಿಗೆ ದುಡ್ಡು ಸುರಿದಿರುತ್ತದೆ. ಜೋಡಿ ಮುರಿದರೆ ಆ ವರ್ಷದ ಗದ್ದೆ ಕೆಲಸ ನಿಂತಿತು. ಹಾಯುವ ಕೊಂಬಿನ ಮುಂದೆ ಕಾದ ಕಬ್ಬಿಣ ಹಿಡಿದು ಹೋಗಲು ಧೈರ್ಯವೂ ಬೇಕು. ಎಮ್ಮೆಯಾದರೋ ಕೈಗೆಟುಕುವಷ್ಟು ದೂರದಲ್ಲಿ ಸುಮ್ಮನೆ ನಿಂತಿರುತ್ತದೆ. ಬರೆ ಬಿದ್ದಾಗ ಅದು ಅರಚುತ್ತದೆ. ಆ ಅರಚಾಟ ಕೇಳಿ ನೆರೆಕೆರೆಯವರಿಗೆ ‘ಏನೋ ಚಿಕಿತ್ಸೆ ನಡೀತಿದೆ’ ಎಂಬ ಸಮಾಧಾನವಾಗುತ್ತದೆ.

ವೃತ್ತಿಪರ ಫುಟ್‌ಬಾಲ್ ತಂಡದಲ್ಲಿ ಕೋಚ್ ನಿಂತಿರುವುದು ಈ ಎಮ್ಮೆಯ ಜಾಗದಲ್ಲಿ. ಇಪ್ಪತ್ತೈದು ಆಟಗಾರರನ್ನು ಒಂದೇ ದಿನ ಬಿಡಿಸಲಾಗದು, ಅವರಿಗೆ ಕರಾರುಗಳಿರುತ್ತವೆ. ಮಾಲೀಕ ತನ್ನನ್ನು ತಾನೇ ವಜಾ ಮಾಡಿಕೊಳ್ಳುವುದಿಲ್ಲ. ಉಳಿದವರು ಕೋಚ್ ಒಬ್ಬರೇ.

ನಮ್ಮ ರಾಜ್ಯದ ತಂಡವನ್ನೇ ನೋಡಿ. ಜೆಎಸ್‌ಡಬ್ಲ್ಯೂ ಸಮೂಹ 2013ರಲ್ಲಿ ಕಟ್ಟಿದ ಬೆಂಗಳೂರು ಎಫ್‌ಸಿ ಕಣಕ್ಕಿಳಿದ ಮೊದಲ ಋತುವಿನಲ್ಲೇ ರಾಷ್ಟ್ರಮಟ್ಟದ ಐ-ಲೀಗ್ ಗೆದ್ದಿತು. ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಮೂರು ಋತು ಇದ್ದು ಎರಡು ಐ-ಲೀಗ್ ಪ್ರಶಸ್ತಿ, ಒಂದು ಫೆಡರೇಷನ್ ಕಪ್ ಕೊಟ್ಟು ಹೋದರು. ಅವರ ನಂತರ ಬಂದ ಸ್ಪೇನಿನ ಆಲ್ಬರ್ಟ್ ರೋಕಾ 2016ರಲ್ಲಿ ತಂಡವನ್ನು ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ಗೆ ಒಯ್ದರು. ಅದಕ್ಕೆ ಮೊದಲು ಭಾರತದ ಯಾವ ಕ್ಲಬ್ಬೂ ಅಲ್ಲಿಗೆ ತಲುಪಿರಲಿಲ್ಲ. 2018ರಲ್ಲಿ ರೋಕಾ ಹೊರಟಾಗ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಅವರನ್ನೇ ಆ ಜಾಗಕ್ಕೆ ಕೂರಿಸಿದರು. ಮರುವರ್ಷ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾ ತಂಡವನ್ನು 1-0ರಿಂದ ಸೋಲಿಸಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ಎತ್ತಿದ್ದು ಇದೇ ಕ್ವಾದ್ರಾತ್ ಅವರ ತಂಡ. ಕೋಚ್ ಬದಲಾಗಿದ್ದರೂ ಆಟದ ಹದ ಬದಲಾಗಿರಲಿಲ್ಲ.

ಆಮೇಲೆ ಮೈ ಬಿಸಿಯಾಗತೊಡಗಿತು. 2020-21ರ ಋತು ಕೊರೊನಾ ಕಾರಣದಿಂದ ಪೂರ್ತಿ ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ತವರಿನ ಕಂಠೀರವ ಕ್ರೀಡಾಂಗಣದ ಸದ್ದಿನಲ್ಲಿ ಆಡಿ ಬೆಳೆದ ತಂಡ ಸತತ ಮೂರು ಪಂದ್ಯ ಸೋತದ್ದೇ ತಡ, ಜನವರಿಯಲ್ಲಿ ಕ್ವಾದ್ರಾತ್ ಹೊರಟರು. ನೌಶಾದ್ ಮೂಸಾ ಹಂಗಾಮಿಯಾಗಿ ನಿಂತರು. ಆ ಋತುವಿನಲ್ಲಿ ತಂಡ ಏಳನೇ ಸ್ಥಾನಕ್ಕೆ ಇಳಿಯಿತು. ಜರ್ಮನಿಯಿಂದ ಮಾರ್ಕೊ ಪೆಝಾಯುವೊಲಿ ಬಂದರು, 2022ರಲ್ಲಿ ಹೋದರು. ಇಂಗ್ಲೆಂಡಿನಿಂದ ಸೈಮನ್ ಗ್ರೇಸನ್ ಬಂದರು. ಎರಡು ವರ್ಷ ತುಂಬುವುದರೊಳಗೆ ಮೂರು ದೇಶದ ಮೂರು ಬಗೆಯ ಪಾಠ ಒಂದೇ ಕ್ಲಬ್ಬಿಗೆ.

ಗ್ರೇಸನ್ ಅವರ ಎರಡು ಋತುಗಳು ಈ ಗಾದೆಗೆ ಬರೆದ ವ್ಯಾಖ್ಯಾನದಂತಿವೆ. 2022ರ ಸೆಪ್ಟೆಂಬರಿನಲ್ಲಿ ಡ್ಯುರಾಂಡ್ ಕಪ್ ಗೆದ್ದರೂ ಐಎಸ್‌ಎಲ್‌ನಲ್ಲಿ ಆರಂಭ ಕೆಟ್ಟಿತು. ಸೋಲಿನ ಮೇಲೆ ಸೋಲು. ಮಾಲೀಕರು ಆಗ ಕಬ್ಬಿಣ ಕಾಯಿಸಲಿಲ್ಲ. ಅದೇ ಕೋಚ್, ಅದೇ ಆಟಗಾರರು ಲೀಗ್ ಹಂತದ ಕೊನೆಯ ಎಂಟೂ ಪಂದ್ಯ ಗೆದ್ದು ಫೈನಲ್ ತನಕ ಹೋದರು. 2023ರ ಮಾರ್ಚಿನಲ್ಲಿ ಮೋಹನ್ ಬಾಗಾನ್ ಎದುರು ಸೋತದ್ದು ಪೆನಾಲ್ಟಿಯಲ್ಲಿ ಮಾತ್ರ. ಆ ಬೇಸಿಗೆಯಲ್ಲಿ ರಾಯ್ ಕೃಷ್ಣ ಒಡಿಶಾಕ್ಕೆ ಹೋದರು, ಪ್ರಬೀರ್ ದಾಸ್ ಕೇರಳಕ್ಕೆ, ಸಂದೇಶ್ ಝಿಂಗನ್ ಮತ್ತು ಉದಾಂತ ಸಿಂಗ್ ಗೋವಾಕ್ಕೆ. ಬೆನ್ನೆಲುಬು ಕಳಚಿದ ತಂಡ ಮುಗ್ಗರಿಸಿತು. ಡಿಸೆಂಬರಿನಲ್ಲಿ ಹೊರಟವರು ಗ್ರೇಸನ್. ಋತು ಮುಗಿದಾಗ ಹನ್ನೆರಡು ತಂಡಗಳಲ್ಲಿ ಬೆಂಗಳೂರಿಗೆ ಹತ್ತನೇ ಸ್ಥಾನ. ಬರೆ ಬಿದ್ದ ಮೇಲೂ ಜ್ವರ ಇಳಿಯಲಿಲ್ಲ.

ಕಾರಣ ಒಂದು ಋತುವಿನದು, ಫಲ ಇನ್ನೊಂದು ಋತುವಿನದು ಎನ್ನುವುದು ನಮ್ಮ ಗುಡ್ಡದವರಿಗೆ ಹೊಸದಲ್ಲ. ಅರೇಬಿಕಾ ತೋಟದಲ್ಲಿ ಒಬ್ಬ ಸಾಹುಕಾರರು ದುಡ್ಡಿನ ತುರ್ತಿಗೆ ನೆರಳು ಮರ ಕಡಿಸಿ ಮಾರುತ್ತಾರೆ. ಮೊದಲೆರಡು ವರ್ಷ ಬಿಸಿಲು ಕಂಡ ಗಿಡ ಕಾಯಿ ಜಗ್ಗಿಕೊಂಡು ನಿಲ್ಲುತ್ತದೆ, ಸಾಹುಕಾರರ ಬುದ್ಧಿವಂತಿಕೆಗೆ ಹೊಗಳಿಕೆ. ಆಮೇಲೆ ಬಿಸಿಲು ಬಿದ್ದ ಕಾಂಡಕ್ಕೆ ಬೋರರ್ ಹುಳು ಹತ್ತುತ್ತದೆ. ಗಿಡ ಹಳದಿಯಾಗಿ ಸಾಲುಸಾಲಾಗಿ ಕಿತ್ತು ಸುಡುವ ಹೊತ್ತಿಗೆ ತೋಟದ ಕೆಲಸ ನೋಡಿಕೊಳ್ಳುವ ರೈಟರು ಬೇರೆಯವರು. ಕೆಲಸ ಹೋಗುವುದು ಅವರದು. ಹೊಸ ರೈಟರು ಬಂದು ನೆರಳು ಮರದ ಕೊಂಬೆ ಸವರುವ ಮರಗಸಿಯ ಕ್ರಮ ಬದಲಿಸುತ್ತಾರೆ, ಮುಂದಿನವರು ಅದನ್ನೂ ಬದಲಿಸುತ್ತಾರೆ. ಕಡಿದ ಮರ ಮತ್ತೆ ನೆರಳು ಕೊಡಲು ಬೇಕಾದ ವರ್ಷಗಳನ್ನು ಯಾವ ರೈಟರೂ ತರಲಾರರು. ಕೋಚ್ ಕೈಗೆ ಬರುವ ತಂಡವೂ ಹೀಗೆ ಎರಡು ವರ್ಷದ ಹಿಂದೆ ಬೇರೆ ಯಾರೋ ತೆಗೆದುಕೊಂಡ ತೀರ್ಮಾನಗಳ ಫಲ.

ಇನ್ನು ಗಾದೆ ಬಾಯಿಬಿಟ್ಟು ಹೇಳದ ಒಂದು ಸಂಗತಿಯಿದೆ. ಎತ್ತು ಇದೆ, ಎಮ್ಮೆ ಇದೆ, ಜ್ವರ, ಬರೆ ಎಲ್ಲ ಇವೆ; ಕಬ್ಬಿಣ ಹಿಡಿದವನ ಸುದ್ದಿಯಿಲ್ಲ. ಆಟದ ಲೋಕದಲ್ಲಿ ಅವನು ಮಾಲೀಕ. ಕ್ರಿಕೆಟ್ಟಿನಲ್ಲಿ ಆರ್‌ಸಿಬಿಯ ಮೊದಲ ವರ್ಷ ನೆನಪಿಸಿಕೊಳ್ಳಿ. 2008ರಲ್ಲಿ ತಂಡ ಸೋಲುತ್ತಾ ಹೋದಾಗ ಮಾಲೀಕ ವಿಜಯ್ ಮಲ್ಯ ಋತುವಿನ ನಡುವೆಯೇ ಸಿಇಒ ಚಾರು ಶರ್ಮಾ ಅವರನ್ನು ಕಳಿಸಿದರು. ಆಟಗಾರರ ಆಯ್ಕೆಯ ಹೊಣೆಯನ್ನು ಅವರ ಮೇಲೂ ನಾಯಕ ರಾಹುಲ್ ದ್ರಾವಿಡ್ ಮೇಲೂ ಬಹಿರಂಗವಾಗಿ ಹೊರಿಸಿದರು. ಎಂಟು ತಂಡಗಳಲ್ಲಿ ಏಳನೆಯದಾಗಿ ಋತು ಮುಗಿಯಿತು. ಮುಂದೆ ಮಾಲೀಕತ್ವ ಮಲ್ಯರ ಕೈತಪ್ಪಿ ಡಿಯಾಜಿಯೊ ಕಂಪನಿಯ ಹಿಡಿತಕ್ಕೆ ಹೋಯಿತು, ಜೆನ್ನಿಂಗ್ಸ್, ವೆಟ್ಟೋರಿ, ಕರ್ಸ್ಟನ್, ಕ್ಯಾಟಿಚ್, ಬಂಗಾರ್ ಎಂದು ಕೋಚ್‌ಗಳ ಸಾಲು ಬೆಳೆಯಿತು. ಐಪಿಎಲ್ ಕಪ್ ಬಂದದ್ದು 2025ರಲ್ಲಿ, ಹದಿನೆಂಟನೇ ಋತುವಿನಲ್ಲಿ.

ಮಾಲೀಕನ ಕಿಸೆಗೇ ಜ್ವರ ಬಂದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಹೈದರಾಬಾದ್ ಸಾಕ್ಷಿ. ಪುಣೆಯ ತಂಡ ಮುಚ್ಚಿದ ಮೇಲೆ 2019ರಲ್ಲಿ ಹುಟ್ಟಿದ ಹೈದರಾಬಾದ್ ಎಫ್‌ಸಿ, ಮನೋಲೊ ಮಾರ್ಕೆಜ್ ಅವರ ಕೈಯಲ್ಲಿ 2022ರಲ್ಲಿ ಐಎಸ್‌ಎಲ್ ಗೆದ್ದಿತು. ಆಮೇಲೆ ಸಂಬಳ ನಿಂತಿತು, ಆಟಗಾರರು ಬಿಟ್ಟು ಹೋದರು. 2023-24ರಲ್ಲಿ ಆಡಿದ 22 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಮಾಲೀಕರು ಬದಲಾದರು. 2025ರಲ್ಲಿ ತಂಡವನ್ನೇ ದೆಹಲಿಗೆ ಸಾಗಿಸಿ ಹೆಸರನ್ನೂ ಬದಲಿಸಿದರು. ಅಂಥ ಮನೆಯಲ್ಲಿ ಯಾವ ಕೋಚ್ ಬಂದು ಏನು ಮಾಡಿಯಾರು?

ಹಾಗಾದರೆ ಕೋಚ್ ತಪ್ಪೇ ಮಾಡುವುದಿಲ್ಲವೇ? ಮಾಡುತ್ತಾರೆ. ಎಮ್ಮೆಗೂ ಜ್ವರ ಬರುತ್ತದೆ, ಬಂದಾಗ ಅದಕ್ಕೂ ಚಿಕಿತ್ಸೆ ಬೇಕು. ಗ್ರೇಸನ್ ನಂತರ ಬಂದ ಜೆರಾರ್ಡ್ ಝರಗೋಝಾ ಮೊದಲ ಅರ್ಧ ಋತುವಿನಲ್ಲಿ ತಂಡವನ್ನು ಮೇಲೆತ್ತಲಾಗದಿದ್ದರೂ ಮುಂದಿನ ಋತುವಿನಲ್ಲಿ ಫೈನಲ್ ತಲುಪಿಸಿದರು. 2025ರ ಏಪ್ರಿಲ್ 12ರಂದು ಮತ್ತೆ ಮೋಹನ್ ಬಾಗಾನ್ ಎದುರೇ, ಹೆಚ್ಚುವರಿ ಅವಧಿಯಲ್ಲಿ 2-1ರ ಸೋಲು. ಬದಲಾವಣೆ ಫಲ ಕೊಟ್ಟಿತು ಎನ್ನಬಹುದು. ಆದರೆ ಈ ಝರಗೋಝಾ ಹೊರಗಿನವರಲ್ಲ. 2019ರ ಕಪ್ ಗೆದ್ದ ವರ್ಷ ಕ್ವಾದ್ರಾತ್ ಅವರ ಪಕ್ಕದಲ್ಲಿ ಸಹಾಯಕರಾಗಿದ್ದವರು. ಕ್ಲಬ್ ಮುಂದೆ ಹೋದದ್ದು ಹಳೆಯ ದಾರಿಯ ಎಳೆ ಹಿಡಿದ ಮೇಲೆ, ಅದೂ ಅವರಿಗೊಂದು ಪೂರ್ತಿ ಋತು ಸಿಕ್ಕ ಮೇಲೆ.

ದೇಶದ ತಂಡದಲ್ಲಿ ಇದೇ ಆಟ ಇನ್ನೂ ದೊಡ್ಡದಾಗಿ ನಡೆಯಿತು. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಭಾರತ ಮುಗ್ಗರಿಸಿದ ಮೇಲೆ 2024ರ ಜೂನ್‌ನಲ್ಲಿ ಇಗೊರ್ ಸ್ಟಿಮಾಚ್ ವಜಾ ಆದರು. ಬದಲಿಗೆ ಬಂದ ಮನೋಲೊ ಒಂದು ಋತು ಗೋವಾ ತಂಡವನ್ನೂ ದೇಶದ ತಂಡವನ್ನೂ ಒಟ್ಟಿಗೆ ನೋಡಿಕೊಳ್ಳಬೇಕಾಯಿತು. 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು. ಅದೇ ಹೊತ್ತಿಗೆ ನಿಜವಾದ ಜ್ವರ ಎಲ್ಲಿದೆಯೆಂದು ಬಯಲಾಗಿತ್ತು. ಲೀಗ್ ನಡೆಸಲು ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಮಾಡಿಕೊಂಡ ಹದಿನೈದು ವರ್ಷದ ಕರಾರು ಮುಗಿಯುತ್ತಾ ಬಂದಿತ್ತು, ನವೀಕರಣವಾಗಿರಲಿಲ್ಲ. ಜುಲೈನಲ್ಲಿ ಐಎಸ್‌ಎಲ್ ಅನ್ನು ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿದ್ದಾಗಿ ಪ್ರಕಟಿಸಿತು. ನಾಲ್ಕು ತಿಂಗಳ ಹಿಂದಷ್ಟೇ ಫೈನಲ್ ಆಡಿದವರು ಅವರು. ಮೈದಾನದಲ್ಲಿ ಅವರು ಮಾಡಿದ ಯಾವ ತಪ್ಪಿಗೂ ಅದು ಶಿಕ್ಷೆಯಾಗಿರಲಿಲ್ಲ. ಕಾಗದದ ಮೇಲಿನ ಒಂದು ಸಹಿ ಬೀಳದಿದ್ದುದಕ್ಕೆ ಬಿದ್ದ ಬರೆ ಅದು.

ಇಷ್ಟಾದರೂ ಪೂರ್ತಿ ಅಪವಾದವನ್ನು ಮಾಲೀಕರ ತಲೆಗೆ ಕಟ್ಟುವಂತಿಲ್ಲ. ಮೂರು ಪಂದ್ಯ ಸೋತ ಕೂಡಲೇ ಗ್ಯಾಲರಿಯಲ್ಲಿ, ಮೊಬೈಲಿನಲ್ಲಿ, ಕಾಫಿ ಕುಡಿಯುತ್ತಾ ಕೂತ ಹೋಟೆಲಿನಲ್ಲಿ ‘ಕೋಚ್‌ನ ತೆಗೀರಿ’ ಎಂದು ಕೂಗುವವರು ನಾವೇ. ನಮಗೂ ಅರಚಾಟ ಕೇಳಬೇಕು. ಕಬ್ಬಿಣ ಕಾಯುವ ಒಲೆಗೆ ಸೌದೆ ಒಟ್ಟುವ ಕೈ ನಮ್ಮದು. ಮುಂದಿನ ಸಲ ಕೋಚ್ ಹೋದ ಸುದ್ದಿ ಬಂದಾಗ ಹೊಸಬ ಯಾರು ಎನ್ನುವುದಕ್ಕೆ ಮೊದಲು ಕೇಳಬೇಕಾದವು ಬೇರೆ ಇವೆ: ಕಳೆದ ಬೇಸಿಗೆಯಲ್ಲಿ ಯಾವ ಆಟಗಾರರನ್ನು ಬಿಟ್ಟುಕೊಟ್ಟಿರಿ, ಯಾರ ಮಾತಿನ ಮೇಲೆ? ಸಂಬಳ ತಿಂಗಳಿಗೆ ಸರಿಯಾಗಿ ಹೋಗಿದೆಯೇ? ಬರುವ ಹೊಸಬನಿಗೆ ಎಷ್ಟು ಋತು ಕೊಡುತ್ತೀರಿ? ಟಿಕೆಟ್ ಕೊಂಡವನಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ, ಮಾಲೀಕನಿಗೆ ಉತ್ತರ ಕೊಡುವ ಬಾಧ್ಯತೆಯಿದೆ.