ಯಂತ್ರ ಸುಳ್ಳು ಹೇಳಲಿಲ್ಲ

2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಗಿಟ್, ಪ್ರತಿ ಬದಲಾವಣೆಯನ್ನೂ ಮಾಡಿದವರ ಹೆಸರು, ಸಮಯ, ಟಿಪ್ಪಣಿಯೊಂದಿಗೆ ದಾಖಲಿಸುತ್ತದೆ. ಆ ಟಿಪ್ಪಣಿಗಳಿಂದಲೇ ಬಳಕೆದಾರರಿಗಾಗಿ ಚೇಂಜ್‌ಲಾಗ್ ತಯಾರಿಸುವ ತಂತ್ರಾಂಶಗಳಿವೆ. ‘ಫಿಕ್ಸ್’ ಎಂದು ಶುರುವಾದದ್ದು ಪಟ್ಟಿಗೆ ಸೇರುತ್ತದೆ. ‘ಚೋರ್’ ಎಂದದ್ದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ನನ್ನ ಸಂಶೋಧನೆಗೆ ಬರೆದುಕೊಂಡ ಪ್ರೋಗ್ರಾಮಿನಲ್ಲಿ ಸರಾಸರಿಯನ್ನೇ ಕೆಡಿಸುವ ತಪ್ಪೊಂದಿತ್ತು. ಸದ್ದಿಲ್ಲದೆ ತಿದ್ದಿ, ನಾಚಿಕೆಯಿಂದ ‘ಚೋರ್: ಸಣ್ಣಪುಟ್ಟ ಸ್ವಚ್ಛತೆ’ ಎಂದು ಬರೆದೆ. ಚೇಂಜ್‌ಲಾಗ್‌ನಲ್ಲಿ ಅದು ಬರಲಿಲ್ಲ. ಅದನ್ನು ನಂಬಿದ ಕಿರಿಯ ಸಂಶೋಧಕಿಯೊಬ್ಬಳು ಹಳೆಯ ಆವೃತ್ತಿಯ ಅಂಕಿಗಳನ್ನೇ ತನ್ನ ಅಧ್ಯಾಯದಲ್ಲಿ ಉಳಿಸಿಕೊಂಡಳು.

ಸುಳ್ಳು ಹೇಳಿದ್ದು ಯಾರು? ಯಂತ್ರ ನಾನಿಟ್ಟ ಹೆಸರನ್ನು ನಂಬಿತು, ಅಷ್ಟೆ. ದಾಖಲೆಯಲ್ಲಿ ಎಲ್ಲವೂ ಇತ್ತು, ಹುಡುಕಿದ್ದರೆ ಸಿಗುತ್ತಿತ್ತು ಎಂದು ನಾನು ವಾದಿಸಬಹುದು. ಆದರೆ ಅಳಿಸದೆ ಇರುವುದು ಬೇರೆ, ತಿಳಿಸುವುದು ಬೇರೆ. ಅವಳಿಗೆ ಫೋನ್ ಮಾಡಿ ಹೇಳಿದೆ. ಆಮೇಲೆ ಪಟ್ಟಿಗೆ ಕೈಯಾರೆ ಒಂದು ಸಾಲು ಸೇರಿಸಿದೆ: ‘ಹಿಂದಿನ ಆವೃತ್ತಿಯ ಸರಾಸರಿಗಳು ತಪ್ಪು.’