ಜಾರುವ ಹುಲ್ಲು, ಊರುವ ಗೊರಸು

ಮಾತು ಬಾರದ ಪ್ರಾಣಿಗೆ ನೆರವಾಗುತ್ತಿದ್ದೇವೆ ಎಂದು ನಾವು ಅಂದುಕೊಂಡಾಗ, ಆ ನೆರವು ನಿಜಕ್ಕೂ ಯಾರಿಗೆ ಸಲ್ಲುತ್ತಿರುತ್ತದೆ?

ಇಂಗ್ಲೆಂಡಿನಲ್ಲಿ ಓದುತ್ತಿದ್ದ ಎರಡು ವರ್ಷ, ವಾರದ ಕೊನೆಯಲ್ಲಿ ಒಂದು ಕುದುರೆಲಾಯಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ಈ ಪ್ರಶ್ನೆ ನನಗೆ ಹತ್ತಿಕೊಂಡದ್ದು ಅಲ್ಲಿ. ಮರಳು ಹಾಸಿದ ಅಂಗಳ ಎಲ್ಲರಿಗೂ ಇರುವುದಿಲ್ಲ. ಎಷ್ಟೋ ಜನ ಹುಲ್ಲಿನ ಬಯಲಿನಲ್ಲೇ ಕುದುರೆಗಳನ್ನು ಪಳಗಿಸುತ್ತಾರೆ. ಹುಲ್ಲು ನೋಡಲು ಮೆತ್ತಗೆ, ಆದರೆ ನಂಬುವ ಹಾಗಿಲ್ಲ. ಬೆಳಗಿನ ಇಬ್ಬನಿಗೆ ಜಾರುತ್ತದೆ. ಬೇಸಿಗೆಯಲ್ಲಿ ಬಿರುಸಾದ ನೆಲದ ಮೇಲೆ ಒಂದು ಸಣ್ಣ ಮಳೆ ಬಿದ್ದರಂತೂ ಇನ್ನೂ ಜಾರುತ್ತದೆ. ಸುಮಾರು 500 ಕಿಲೋ ತೂಗುವ ಪ್ರಾಣಿ ಕಬ್ಬಿಣದ ಲಾಳ ತೊಟ್ಟು, ಬೆನ್ನ ಮೇಲೆ ಸವಾರನನ್ನು ಹೊತ್ತು ಅಲ್ಲಿ ತಿರುಗಬೇಕು.

ಇದಕ್ಕೊಂದು ಸಿದ್ಧ ಉಪಾಯವಿದೆ. ಲಾಳದ ಹಿಂತುದಿಗಳಲ್ಲಿ ತೂತು ಕೊರೆಸಿ, ಸ್ಟಡ್ ಎಂಬ ಲೋಹದ ಮೊಳೆಯನ್ನು ತಿರುಪಿ ಕೂರಿಸುವುದು. ಗಟ್ಟಿ ನೆಲಕ್ಕೆ ಸಣ್ಣದು, ಚೂಪಾದದ್ದು, ಕೆಸರಿಗೆ ದಪ್ಪನೆಯದು. ಕೆಲಸ ಮುಗಿದೊಡನೆ ಬಿಚ್ಚಿಡಬೇಕು.

ಆದರೆ ಗೊರಸಿಗೆ ಅದರದೇ ಒಂದು ಲೆಕ್ಕವಿದೆ. ನೆಲ ಮುಟ್ಟಿದ ಕ್ಷಣದಲ್ಲಿ ಅದು ತುಸು ಮುಂದಕ್ಕೆ ಜಾರಿಯೇ ನಿಲ್ಲುತ್ತದೆ. ಆ ಜಾರಿಕೆಯಲ್ಲಿ ಪೆಟ್ಟಿನ ಒಂದು ಪಾಲು ಕರಗಿಹೋಗುತ್ತದೆ. ಸ್ಟಡ್ ಕಾಲನ್ನು ಥಟ್ಟನೆ ಹಿಡಿದು ನಿಲ್ಲಿಸಿದರೆ ಆ ಪೆಟ್ಟನ್ನು ಕೀಲುಗಳೂ ಸ್ನಾಯುರಜ್ಜುಗಳೂ ತಾಳಬೇಕು. ಬೇಲಿ ಹಾರುವಾಗ ಮುಂಗಾಲು ಮಡಚಿದ ಕುದುರೆಗೆ ತನ್ನದೇ ಸ್ಟಡ್ ಹೊಟ್ಟೆಗೆ ತಗಲಬಹುದು. ಅದಕ್ಕೆಂದೇ ಹೊಟ್ಟೆಯಡಿ ಅಗಲವಾದ ಚರ್ಮದ ಪಟ್ಟಿ ಕಟ್ಟುತ್ತಾರೆ. ಒಂದು ನೆರವನ್ನು ಕಾಯಲು ಇನ್ನೊಂದು ನೆರವು!

ಇನ್ನೊಂದು ದಾರಿಯೂ ಇದೆ. ಅದಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು. ಇಬ್ಬನಿ ಆರುವ ತನಕ ಕಾಯುವುದು. 10 ಮೀಟರಿನ ಸುತ್ತಿನ ಬದಲು 20 ಮೀಟರಿನ ಸುತ್ತು ಹಾಕಿಸುವುದು. ತಿರುವಿನಲ್ಲಿ ಒಳಕ್ಕೆ ವಾಲದೆ ನೆಟ್ಟಗೆ ಕೂರುವುದು. ಒಮ್ಮೆಲೇ ಲಗಾಮು ಜಗ್ಗದೆ, ವೇಗವನ್ನು ನಿಧಾನವಾಗಿ ಇಳಿಸುವುದು. ಹಿಂಗಾಲುಗಳ ಮೇಲೆ ಭಾರ ಹೊರುವುದನ್ನು ಕುದುರೆ ಕಲಿಯುವ ತನಕ ಇದನ್ನೇ ಮಾಡಿಸುವುದು. ಕ್ರಿಸ್ತಪೂರ್ವ ನಾಲ್ಕನೇ ಶತಮಾನದ ಗ್ರೀಕ್ ಲೇಖಕ ಕ್ಸೆನೋಫನ್ ಕುದುರೆ ಸವಾರಿಯ ಬಗ್ಗೆ ಪುಸ್ತಕ ಬರೆದಾಗ ಅವನ ನಾಡಿನಲ್ಲಿ ಮೊಳೆ ಹೊಡೆದ ಲಾಳವಿರಲಿಲ್ಲ. ಲಾಯದ ಹೊರಗೆ ಗುಂಡುಕಲ್ಲು ಹಾಸಿ ಕುದುರೆಯನ್ನು ಅದರ ಮೇಲೆ ನಿಲ್ಲಿಸಿ, ಗೊರಸು ಗಟ್ಟಿಯಾಗುತ್ತದೆ ಎಂದು ಅವನು ಹೇಳಿದ. ಅವನು ಹುಡುಕಿದ್ದು ಗೊರಸಿನ ಸ್ವಂತ ಬಲವನ್ನು.

ಹಾಗಾದರೆ ಸ್ಟಡ್ ತಪ್ಪೇ? ಹಾಗೆಂದುಬಿಟ್ಟರೆ ಸುಲಭ. ಒದ್ದೆ ಹುಲ್ಲಿನ ಮೇಲೆ ವೇಗವಾಗಿ ಬಂದು ಬೇಲಿ ಹಾರಲೇಬೇಕಾದ ಸ್ಪರ್ಧೆಯಲ್ಲಿ, ಸಹಜವೇ ಶ್ರೇಷ್ಠ ಎಂಬ ನಮ್ಮ ತತ್ವಕ್ಕಾಗಿ ಕುದುರೆಯನ್ನು ಬರಿಯ ಲಾಳದಲ್ಲಿ ಓಡಿಸುವುದು ಕ್ರೌರ್ಯ. ಬಿದ್ದರೆ ಮುರಿಯುವುದು ತತ್ವವಲ್ಲ, ಕಾಲು. ಆದರೆ ಆ ಸ್ಪರ್ಧೆಗೆ ಹೆಸರು ಕೊಟ್ಟದ್ದು ಕುದುರೆಯಲ್ಲ. ಹಾಗಾಗಿ ಸ್ಟಡ್ ಹಾಕಬೇಕೇ ಎಂದು ಕೇಳುವ ಮೊದಲು, ಇವತ್ತು ಇಷ್ಟನ್ನು ಅದರಿಂದ ಕೇಳಬೇಕೇ ಎಂದು ಕೇಳಿಕೊಳ್ಳಬೇಕು. ನಮ್ಮ ಬೇಡಿಕೆಯನ್ನು ಒಂದಿಷ್ಟೂ ಇಳಿಸದಿರಲೆಂದು ಕೊಡುವ ನೆರವು ಅರ್ಧ ನೆರವು ಮಾತ್ರ. ಇನ್ನರ್ಧ ನಮ್ಮ ಅವಸರ. ಓಟ ತಾಳಲಾರದ ಮಗುವಿಗೆ ಮತ್ತೊಂದು ಟ್ಯೂಷನ್ ಸೇರಿಸುವ ಮನೆಗಳಲ್ಲೂ ಇದೇ ಲೆಕ್ಕ ನಡೆಯುತ್ತದೆ.

ಮಗುವಾದರೂ ಒಂದು ದಿನ ಬಾಯಿಬಿಟ್ಟು ಹೇಳಬಹುದು. ಕುದುರೆ ಹೇಳುವ ರೀತಿ ಬೇರೆ: ಹೆಜ್ಜೆ ಗಿಡ್ಡವಾಗುತ್ತದೆ, ತಲೆ ಮೇಲೇಳುತ್ತದೆ, ಬೆನ್ನು ಬಿಗಿಯುತ್ತದೆ, ತಿರುವು ಬಂದಾಗ ಹಿಂಜರಿಯುತ್ತದೆ. ಇದನ್ನು ಮೊಂಡುತನ ಎಂದು ಓದಿದರೆ ಕೈ ಚಾಟಿಗೆ ಹೋಗುತ್ತದೆ. ಭಯ ಎಂದು ಓದಿದರೆ ಲಗಾಮು ಸಡಿಲವಾಗುತ್ತದೆ. ನೆಲ ಅದೇ, ಕುದುರೆ ಅದೇ. ಯಾವುದಾಗುತ್ತದೆ ಎನ್ನುವುದು ಸವಾರನಿಗೆ ಬಿಟ್ಟದ್ದು.