ಚೆಲ್ಲಿದ ಅಕ್ಕಿ ಯಾರದು?

ಕಾರ್ಡ್ ಆಡಿ ಗಳಿಸಿದ ಅನ್ನ ಕಾಯಕದ ಅನ್ನ ಆಗುತ್ತದೆಯೇ? ಮಾನ್ವಿಯ ನಮ್ಮ ಮನೆಯಲ್ಲಿ ಈಚೆಗೆ ಇದೇ ಮಾತು. ಅಕ್ಕನ ಮಗ ಬೆಂಗಳೂರಿನ ನೌಕರಿ ಬಿಟ್ಟು ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡ್ ಆಟವನ್ನೇ ವೃತ್ತಿ ಮಾಡಿಕೊಳ್ಳಬೇಕೆಂದಿದ್ದಾನೆ. ನಮ್ಮ ಕಡೆ ಎಲೆ ಎಂದರೆ ಅಂದರ್-ಬಾಹರ್, ಅದರ ಬೆನ್ನಿಗೇ ಪೊಲೀಸರ ದಾಳಿ. ಅಕ್ಕನಿಗೆ ಅದೇ ಭಯ.

“ಇದು ಇಸ್ಪೀಟ್ ಅಲ್ರಿ ಮಾವ, ಇದ್ರಾಗ ಪಣ ಕಟ್ಟಂಗಿಲ್ಲ” ಎಂದು ಅವನು ಹೊರಸಿನ ಮೇಲೆ ಎಲೆ ಹರಡಿದ. ಒಂದೊಂದಕ್ಕೂ ಪ್ಲಾಸ್ಟಿಕ್ ಕವರ್. ಸಾಮಾನ್ಯವಾಗಿ ಕಟ್ಟಿನಲ್ಲಿ ಕಡಿಮೆ ಎಂದರೂ 60 ಎಲೆ; ಸಾದಾ ‘ಲ್ಯಾಂಡ್’ ಎಲೆ ಬಿಟ್ಟರೆ ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚಿರುವಂತಿಲ್ಲ. ಯಾವುದು ಇರಬೇಕೆಂದು ಆರಿಸುವವನು ಆಟಗಾರನೇ. ಆದರೆ ಕಲಸಿ ಎತ್ತಿದ ಮೊದಲ ಏಳರಲ್ಲಿ, ಉಳಿದ ಎಲೆ ಆಡಲು ಬೇಕಾದ ಲ್ಯಾಂಡೇ ಬರದಿದ್ದರೆ ಎಷ್ಟು ಜಾಣನಾದರೂ ಪೇಚಿಗೆ ಬೀಳುತ್ತಾನೆ. ಬೀಜ, ಗೊಬ್ಬರ ಎಲ್ಲ ಸರಿಯಿದ್ದೂ ಮಳೆ ಕೈಕೊಟ್ಟ ಹತ್ತಿ ಹೊಲದ ಹಾಗೆ. ರೈತನ ದುಡಿಮೆಯಲ್ಲೂ ಅದೃಷ್ಟವಿದೆ, ಅದನ್ನು ಯಾರೂ ಪಾಪ ಎನ್ನುವುದಿಲ್ಲ. ಜರ್ಮನಿಯ ಕಾಯ್ ಬುಡ್ಡೆ ಈ ಆಟದ ಪ್ರೊ ಟೂರ್ ಪಂದ್ಯಗಳನ್ನು ಏಳು ಸಲ ಗೆದ್ದವರು. ಬರೀ ಅದೃಷ್ಟ ಏಳು ಸಲ ಒಬ್ಬರ ಮನೆಗೇ ಬರುವುದಿಲ್ಲ.

ನ್ಯಾಯಾಲಯಗಳೂ ಬಹುಕಾಲ ಇದನ್ನೇ ತೂಗಿದವು. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. ಹಣ ಕಟ್ಟುವ ಆನ್‌ಲೈನ್ ಆಟಗಳ ಮೇಲೆ ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಕೇಂದ್ರ ಕಾಯ್ದೆ ಮಾತ್ರ ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ರೊಕ್ಕ ಎಲ್ಲಿಂದ ಬಂತು ಎಂದು ಕೇಳುವುದೇ ಸರಿಯೆಂದು ನನಗೂ ಅನಿಸುತ್ತದೆ.

ನಮ್ಮ ಜಿಲ್ಲೆಯ ಹೆಣ್ಣುಮಗಳೊಬ್ಬಳು 12ನೇ ಶತಮಾನದಲ್ಲೇ ಇದನ್ನು ಕೇಳಿದ್ದಳು. ಲಿಂಗಸುಗೂರು ಸೀಮೆಯ ಅಮರೇಶ್ವರದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ದಾಸೋಹ ನಡೆಸಿದವರು. ಒಂದು ದಿನ ಬಸವಣ್ಣನ ಅಂಗಳದಲ್ಲಿ ಬೇಕೆಂದೇ ಹೆಚ್ಚು ಚೆಲ್ಲಿದ್ದ ಅಕ್ಕಿಯನ್ನು ಮಾರಯ್ಯ ತಂದ. ದಿನದ್ದಕ್ಕಿಂತ ಹೆಚ್ಚಾದದ್ದು ನಮ್ಮದಲ್ಲ, ಹಿಂದಕ್ಕೆ ಸುರಿದು ಬಾ ಎಂದಳಂತೆ ಲಕ್ಕಮ್ಮ. ಮಾರಯ್ಯ ಕಳವು ಮಾಡಿರಲಿಲ್ಲ, ಸೊಂಟ ಬಗ್ಗಿಸಿಯೇ ಆಯ್ದಿದ್ದ. ಆದರೂ ಆಕೆ ಒಪ್ಪಲಿಲ್ಲ. ಆ ಬಿಗಿ ನನ್ನನ್ನು ಈಗಲೂ ಹಿಡಿದು ನಿಲ್ಲಿಸುತ್ತದೆ.

ಮ್ಯಾಜಿಕ್ ಪಂದ್ಯದ ಬಹುಮಾನವೂ ಚೆಲ್ಲಿದ ಅಕ್ಕಿಯೇ. 1993ರಲ್ಲಿ ಆಟವನ್ನು ಮಾರುಕಟ್ಟೆಗೆ ತಂದ ಅಮೆರಿಕದ ಕಂಪನಿ 1996ರಲ್ಲಿ ಪ್ರೊ ಟೂರ್ ಆರಂಭಿಸಿತು. ಕಂಪನಿಗೆ ಅದು ಪ್ರಚಾರವೂ ಹೌದು. ಎಲೆ ಮಾರುವುದು ಮುಚ್ಚಿದ ಪೊಟ್ಟಣದಲ್ಲಿ. ಅಪರೂಪದ್ದು ಯಾವುದು ಬಂತೆಂದು ಹರಿದ ಮೇಲೆಯೇ ಗೊತ್ತು. ನನಗೆ ಜೂಜಿನ ವಾಸನೆ ಬಡಿಯುವುದು ಅಲ್ಲಿ, ಪೊಟ್ಟಣ ಕೊಳ್ಳುವ ಹುಡುಗನ ಕೈಯಲ್ಲಿ. ಗೆದ್ದವನ ಗಂಟಿನಲ್ಲಿ ಅವನ ಕಾಸೂ ಸೇರಿರುತ್ತದೆ. ಬಸವಣ್ಣ ಚೆಲ್ಲಿದ್ದು ತನ್ನ ಕಣಜದ್ದು, ಶರಣನನ್ನು ಒರೆಗೆ ಹಚ್ಚಲು. ಕಂಪನಿ ಚೆಲ್ಲುವುದು ಕೊಳ್ಳುವವರದನ್ನೇ, ಇನ್ನಷ್ಟು ಜನ ಕೊಳ್ಳಲಿ ಎಂದು.

“ಕ್ರಿಕೆಟ್ ಆಡೋರ ರೊಕ್ಕನೂ ಜಾಹೀರಾತಿಂದನ ಬರತದಲ್ರಿ ಮಾವ?” ಎಂದ. ಒಪ್ಪತಕ್ಕ ಮಾತು. ಆದರೆ ಕ್ರಿಕೆಟ್‌ಗೆ ಟಿಕೆಟ್ ಕೊಂಡವನು ಆಟ ನೋಡಿಯೇ ಹೋಗುತ್ತಾನೆ. ಪೊಟ್ಟಣ ಕೊಂಡವನು ಆಸೆಗೆ ರೊಕ್ಕ ಕೊಟ್ಟಿರುತ್ತಾನೆ, ಆ ಆಸೆ ಮರುದಿನವೂ ಅಂಗಡಿಗೆ ಎಳೆಯುತ್ತದೆ.

ಅವನ ಆಟವನ್ನು ನಾನು ಹಳಿಯಲಾರೆ. ಗಂಟೆಗಟ್ಟಲೆ ಒಂದೇ ಮನಸ್ಸಿನಿಂದ ಕೂರುವುದು, ಸೋತು ಎದುರಿನವರ ಕೈ ಕುಲುಕುವುದು, ಹೊಸಬರಿಗೆ ಬೇಸರವಿಲ್ಲದೆ ಹೇಳಿಕೊಡುವುದು, ಇವೆಲ್ಲ ಕಾಯಕದ ಗುಣಗಳೇ. ಹಾಗಾಗಿ ಅವನಿಗೆ ಹೇಳಿದ್ದು ಇಷ್ಟು: ಬೇಕಾದ ಎಲೆಯನ್ನು ಬಿಡಿಯಾಗಿ ಕೊಂಡುಕೋ, ಪೊಟ್ಟಣ ಹರಿಯುವ ಚಟವನ್ನು ಚಿಕ್ಕವರಿಗೆ ಹಚ್ಚಬೇಡ, ನಿನ್ನ ಖರ್ಚು ಕಳೆದು ಉಳಿದದ್ದನ್ನು ದಾಸೋಹಕ್ಕೆ ಕೊಡು. ನೌಕರಿ ಬಿಡುವ ಮಾತನ್ನು ಅವನೂ ಅಕ್ಕನೂ ಕೂತು ತೀರ್ಮಾನಿಸಬೇಕು.